ಜಾಹೀರಾತು ಓದುವವರು ಡಿಸೈನನ್ನೂ ಓದಲಿ

ಪಿಯುಸಿ ಆದ ಮೇಲೆ ಏನು ಎಂದು ನಮ್ಮ ಕಾಮರ್ಸ್ ವಿಭಾಗದಲ್ಲಿ ಯಾರನ್ನೇ ಕೇಳಿ, ಬಿ.ಕಾಂ., ಬಿ.ಬಿ.ಎ., ಸಿ.ಎ. ಎಂಬ ಮೂರು ಉತ್ತರಗಳಲ್ಲಿ ಒಂದು ಬರುತ್ತದೆ. ಬೇರೆ ಉತ್ತರ ಕೊಡುವವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಚೆನ್ನಾಗಿ ಮಾತನಾಡುವವರಿಗೆ ‘ನೀನು ಜಾಹೀರಾತು, ಪಬ್ಲಿಕ್ ರಿಲೇಶನ್ಸ್ ಕಡೆ ಹೋಗು’ ಎನ್ನುತ್ತಾರೆ. ಚಿತ್ರ ಬರೆಯುವವರಿಗೆ ‘ನೀನು ಡಿಸೈನ್ ಮಾಡು’ ಎನ್ನುತ್ತಾರೆ. ಮಾತಿಗೊಂದು ದಾರಿ, ಚಿತ್ರಕ್ಕೊಂದು ದಾರಿ. ಈ ಹಂಚಿಕೆ ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಜಾಹೀರಾತು ಅಥವಾ ಪಬ್ಲಿಕ್ ರಿಲೇಶನ್ಸ್ ಓದಲು ಹೋಗುವವರು ಅದರ ಜೊತೆಗೇ ಡಿಸೈನನ್ನೂ ಓದಬೇಕು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಇಟ್ಟುಕೊಂಡು ಬೆಳೆದ ನಮ್ಮಂಥವರಂತೂ ಓದಲೇಬೇಕು.

ಮೊದಲು ನಮ್ಮ ಪಠ್ಯಪುಸ್ತಕವನ್ನೇ ನೋಡೋಣ. ದ್ವಿತೀಯ ಪಿಯುಸಿಯ ಬಿಸಿನೆಸ್ ಸ್ಟಡೀಸ್‌ನಲ್ಲಿ ಮಾರ್ಕೆಟಿಂಗ್ ಪಾಠ ಇದೆ. ಪ್ರಾಡಕ್ಟ್ ಎಂಬ ಭಾಗದಲ್ಲಿ ಬ್ರ್ಯಾಂಡಿಂಗ್, ಪ್ಯಾಕೇಜಿಂಗ್, ಲೇಬಲಿಂಗ್ ಬರುತ್ತವೆ. ಆಮೇಲೆ ಬೆಲೆ, ಆಮೇಲೆ ವಿತರಣೆ. ಕೊನೆಗೆ ಪ್ರಮೋಶನ್ ಎಂಬ ಭಾಗದಲ್ಲಿ ಜಾಹೀರಾತು ಮತ್ತು ಪಬ್ಲಿಕ್ ರಿಲೇಶನ್ಸ್. ಪೊಟ್ಟಣ ಒಂದು ಕಡೆ, ಪೊಟ್ಟಣದ ಬಗ್ಗೆ ಆಡುವ ಮಾತು ಹಲವು ಪುಟಗಳ ಆಚೆ. ಡಿಸೈನ್‌ಗೆ ಅದರದೇ ಶೀರ್ಷಿಕೆ ಇಲ್ಲ. ಪರೀಕ್ಷೆಗೆ ಇದು ಅನುಕೂಲ, ಎರಡನ್ನೂ ಬೇರೆ ಬೇರೆ ಪ್ರಶ್ನೆಯಾಗಿ ಕೇಳಬಹುದು. ಆದರೆ ಅಂಗಡಿಯಲ್ಲಿ ನಿಂತ ಗಿರಾಕಿಯ ಕಣ್ಣಿಗೆ ಪೊಟ್ಟಣ, ಹೆಸರು, ಅದರ ಮೇಲಿನ ಮಾತು, ಟಿವಿಯಲ್ಲಿ ನೋಡಿದ್ದು ಎಲ್ಲವೂ ಒಟ್ಟಿಗೇ ಬೀಳುತ್ತವೆ.

ಇದಕ್ಕೆ ಹಳೆಯ ಉದಾಹರಣೆಗಳಿವೆ. ಅಮೆರಿಕದಲ್ಲಿ ಮೊದಲು ಕಾಪಿ ಬರೆಯುವವರು ತಮ್ಮ ಕೋಣೆಯಲ್ಲಿ ಮಾತು ಬರೆದು, ಚಿತ್ರ ಹಾಕುವವರ ಕೋಣೆಗೆ ಕಳುಹಿಸುತ್ತಿದ್ದರಂತೆ. ಡಿಡಿಬಿ ಸಂಸ್ಥೆಯ ಬಿಲ್ ಬರ್ನ್‌ಬಾಕ್ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರು. 1959ರಲ್ಲಿ ಅಲ್ಲಿಂದ ಬಂದ ಫೋಕ್ಸ್‌ವ್ಯಾಗನ್ ಜಾಹೀರಾತನ್ನು ಇಂದಿಗೂ ಪಾಠ ಮಾಡುತ್ತಾರೆ: ಪುಟದ ತುಂಬ ಬಿಳಿ ಜಾಗ, ಮೂಲೆಯಲ್ಲಿ ಒಂದು ಪುಟ್ಟ ಕಾರು, ಕೆಳಗೆ ಚಿಕ್ಕದಾಗಿ ಯೋಚಿಸಿ ಎಂಬ ಅರ್ಥದ ಎರಡು ಪದ. ಮಾತು ಜೂಲಿಯನ್ ಕೀನಿಗ್ ಅವರದು, ವಿನ್ಯಾಸ ಹೆಲ್ಮುಟ್ ಕ್ರೋನ್ ಅವರದು. ಆ ಬಿಳಿ ಜಾಗ ತೆಗೆದು ದೊಡ್ಡ ಕಾರಿನ ಚಿತ್ರ ಹಾಕಿದರೆ ಆ ಪದಗಳಿಗೆ ಅರ್ಥವೇ ಇರುವುದಿಲ್ಲ. ನಮ್ಮ ದೇಶದ ಅಮುಲ್ ಹುಡುಗಿಯೂ ಹಾಗೆಯೇ. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಮತ್ತು ಕಲಾ ನಿರ್ದೇಶಕ ಯುಸ್ಟೇಸ್ ಫರ್ನಾಂಡಿಸ್ ಸೇರಿ ಅವಳನ್ನು ಹುಟ್ಟಿಸಿದರು. ಆ ಪನ್‌ಗಳನ್ನು ಚಿತ್ರವಿಲ್ಲದೆ ಬರೀ ಓದಿ ನೋಡಿ, ಅರ್ಧ ನಗು ಹೋಗುತ್ತದೆ.

ಜಾಹೀರಾತಿಗೆ ಚಿತ್ರ ಬೇಕು ಎನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ಪಬ್ಲಿಕ್ ರಿಲೇಶನ್ಸ್‌ಗೆ ಡಿಸೈನ್ ಯಾಕೆ ಎಂದು ಕೇಳುತ್ತಾರೆ. ಅದು ಪತ್ರಿಕಾ ಹೇಳಿಕೆ ಬರೆಯುವ ಕೆಲಸ ಅಲ್ಲವೇ? ಅದಕ್ಕೆ ಕ್ಯಾಡ್‌ಬರಿಯ ಕತೆ ಉತ್ತರ. 2003ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಡೈರಿ ಮಿಲ್ಕ್ ಚಾಕೊಲೇಟಿನಲ್ಲಿ ಹುಳು ಸಿಕ್ಕಿತು ಎಂಬ ಸುದ್ದಿ ಬಂತು. ಅಂಗಡಿಗಳಲ್ಲಿ ಸರಿಯಾಗಿ ಇಡುತ್ತಿಲ್ಲ ಎಂದು ಕಂಪನಿ ಹೇಳಿತು. ಪ್ಯಾಕಿಂಗ್ ಸರಿಯಿಲ್ಲದಿದ್ದರೆ ಹುಳು ಹೋಗದೆ ಇರುತ್ತದೆಯೇ ಎಂಬ ಪ್ರಶ್ನೆ ಎದ್ದಿತು. ದೀಪಾವಳಿಯ ಸಮಯದಲ್ಲೇ ಮಾರಾಟ ಬಿತ್ತು. ಹೇಳಿಕೆಗಳು ಬಂದವು, ಅಂಗಡಿಯವರಿಗೆ ತಿಳಿವಳಿಕೆ ಕೊಡುವ ಕಾರ್ಯಕ್ರಮ ನಡೆಯಿತು. ಆದರೆ ಜನರ ನಂಬಿಕೆ ತಿರುಗಿದ್ದು 2004ರ ಆರಂಭದಲ್ಲಿ ಹೊಸ ಪೊಟ್ಟಣ ಬಂದ ಮೇಲೆ. ಗಾಳಿಯಾಡದಂತೆ ಮುಚ್ಚಿದ ಒಳಹೊದಿಕೆ, ಅದರ ಮೇಲೆ ಇನ್ನೊಂದು ಹೊದಿಕೆ. ಅಮಿತಾಭ್ ಬಚ್ಚನ್ ಟಿವಿಯಲ್ಲಿ ಬಂದು ಧೈರ್ಯ ಹೇಳಿದ್ದು ನಿಜ, ಆದರೆ ಅವರಿಗೆ ತೋರಿಸಲು ಕೈಯಲ್ಲಿ ಏನಾದರೂ ಬೇಕಿತ್ತಲ್ಲ! ಅಮೆರಿಕದಲ್ಲಿ 1982ರಲ್ಲಿ ಟೈಲೆನಾಲ್ ಮಾತ್ರೆಗೆ ಯಾರೋ ವಿಷ ಬೆರೆಸಿ ಏಳು ಜನ ಸತ್ತಾಗಲೂ ಇದೇ ಆಯಿತು. ಕಂಪನಿ ಸುಮಾರು 3 ಕೋಟಿ 10 ಲಕ್ಷ ಬಾಟಲಿಗಳನ್ನು ವಾಪಸ್ ತರಿಸಿತು, ಆಮೇಲೆ ಯಾರಾದರೂ ತೆರೆದಿದ್ದರೆ ಕಣ್ಣಿಗೆ ಕಾಣುವಂತೆ ಮೂರು ಸೀಲಿನ ಪ್ಯಾಕ್ ಮಾಡಿತು. ಪಬ್ಲಿಕ್ ರಿಲೇಶನ್ಸ್ ಪುಸ್ತಕಗಳಲ್ಲಿ ಇದು ದೊಡ್ಡ ಪಾಠ. ಅದನ್ನು ಪ್ಯಾಕೇಜಿಂಗ್ ಪಾಠವೆಂದೂ ಓದಬಹುದು.

ಇನ್ನು ನಮ್ಮ ಊರಿಗೆ ಬರೋಣ.

2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂತು. ಅಂಗಡಿ, ಆಸ್ಪತ್ರೆ, ಹೋಟೆಲ್ ಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಒಳ್ಳೆಯದೇ ಆಯಿತು. ಆದರೆ ದಾವಣಗೆರೆಯ ಯಾವುದಾದರೂ ರಸ್ತೆಯಲ್ಲಿ ನಡೆದುಕೊಂಡು ಹೋಗಿ ನೋಡಿ. ಇಂಗ್ಲಿಷ್ ಹೆಸರನ್ನು ಮೊದಲೇ ಚಂದವಾಗಿ ಮಾಡಿಸಿದ್ದಾರೆ. ಕನ್ನಡವನ್ನು ಆಮೇಲೆ ತಂದು ಅಂಟಿಸಿದ್ದಾರೆ. ಇಂಗ್ಲಿಷಿನ ಲೆಕ್ಕದಲ್ಲಿ ಸಾಲಿನ ಅಂತರ ಬಿಟ್ಟಿರುವುದರಿಂದ ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕೂತಿವೆ. ಇಂಗ್ಲಿಷಿನಲ್ಲಿ ಒತ್ತು ಇಲ್ಲ, ಅದಕ್ಕೆ ಆ ತೊಂದರೆ ಗೊತ್ತೇ ಇಲ್ಲ. ನಮ್ಮ ಬಡಾವಣೆಯ ಒಂದು ಬೇಕರಿಯ ಹೊಸ ಬೋರ್ಡಿನಲ್ಲಿ ಒತ್ತು ಅಕ್ಷರದ ಕೆಳಗಿಂದ ಜಾರಿ ಪಕ್ಕಕ್ಕೆ ಬಂದು ಕೂತಿದೆ. ಕಾನೂನಿನ ಶೇ. 60 ಪೂರ್ತಿಯಾಗಿದೆ. ಓದುವವರಿಗೆ ಏನು ಸಿಕ್ಕಿತು?

ಉರ್ದುವಿನ ಪಾಡು ಇನ್ನೂ ಕಷ್ಟ. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ. ಸರಿಯಾದ ಸೆಟ್ಟಿಂಗ್ ಇಲ್ಲದ ಡಿಸೈನ್ ಸಾಫ್ಟ್‌ವೇರಿಗೆ ಉರ್ದುವನ್ನು ಕಾಪಿ ಮಾಡಿ ಹಾಕಿದರೆ ಅಕ್ಷರಗಳು ಕೈಬಿಟ್ಟು ಒಂದೊಂದಾಗಿ ನಿಲ್ಲುತ್ತವೆ, ಅದೂ ಉಲ್ಟಾ ಸಾಲಿನಲ್ಲಿ. ಫ್ಲೆಕ್ಸ್ ಅಂಗಡಿಯಲ್ಲಿ ಕೂತ ಅಣ್ಣನಿಗೆ ಉರ್ದು ಬರುವುದಿಲ್ಲ, ಅವರಿಗೆ ಅದು ಬಳ್ಳಿಯ ಚಿತ್ರದ ಹಾಗೆ. ಅದನ್ನು ತಿರುಗಿಸಿ, ಹಿಗ್ಗಿಸಿ, ಜಾಗ ಸಿಕ್ಕಲ್ಲಿ ಇಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಉರ್ದು ಬರುವವರು ಯಾರೂ ಆ ಕುರ್ಚಿಯಲ್ಲಿ ಕೂತಿಲ್ಲ, ಅಷ್ಟೇ.

ಉರ್ದು ಸರಿಯಾಗಿ ಬಂದಾಗಲೂ ಇನ್ನೊಂದು ವಿಷಯ ಇದೆ. ನಮ್ಮ ಹಿರಿಯರು ಓದಿ ಬೆಳೆದದ್ದು ನಸ್ತಾಲೀಕ್ ಬರಹವನ್ನು, ಓರೆಯಾಗಿ ಇಳಿಯುವ ಸಾಲನ್ನು. ಫೋನು, ಕಂಪ್ಯೂಟರುಗಳಲ್ಲಿ ಹಲವು ಕಡೆ ಬರುವುದು ನಸ್ಖ್, ನೆಟ್ಟಗೆ ನಿಲ್ಲುವ ಸಾಲು. ಲಸಿಕೆಯ ಬಗ್ಗೆ ಬಂದಿದ್ದ ಒಂದು ಕರಪತ್ರ ನೋಡಿ ನಮ್ಮ ದಾದಿ ‘ಇದು ಅರಬ್ಬಿ ಥರ ಇದೆ, ಉರ್ದು ಅಲ್ಲ’ ಎಂದು ಪಕ್ಕಕ್ಕೆ ಇಟ್ಟರು. ಭಾಷೆ ಉರ್ದುವೇ ಆಗಿತ್ತು, ಕಾಗುಣಿತವೂ ಸರಿ ಇತ್ತು. ಕರಪತ್ರ ಬರೆದವರ ಕೆಲಸದಲ್ಲಿ ಕೊರತೆ ಇರಲಿಲ್ಲ. ಆದರೂ ಅದು ಯಾರಿಗೆ ತಲುಪಬೇಕಿತ್ತೋ ಅವರಿಗೆ ತಲುಪಲಿಲ್ಲ. ಪಬ್ಲಿಕ್ ರಿಲೇಶನ್ಸ್ ಓದಿದವರೊಬ್ಬರು ಅಕ್ಷರದ ಬಗ್ಗೆಯೂ ಓದಿದ್ದರೆ, ಅಥವಾ ಅಕ್ಷರ ಬಲ್ಲವರೊಬ್ಬರು ದಾದಿಯಂಥ ಓದುಗರ ಬಗ್ಗೆ ಯೋಚಿಸಿದ್ದರೆ ಕತೆ ಬೇರೆಯಾಗುತ್ತಿತ್ತು.

ಇಂಥ ಕೆಲಸ ಮಾಡಿದವರು ಇದ್ದಾರೆ. ಉರ್ದು ಪತ್ರಿಕೆಗಳನ್ನು ಬಹಳ ಕಾಲ ಕಾತಿಬರು ಕೈಯಲ್ಲೇ ಬರೆಯುತ್ತಿದ್ದರು. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲ್ ಅವರು ಮೋನೊಟೈಪ್ ಕಂಪನಿಯ ಜೊತೆ ಸೇರಿ ನೂರಿ ನಸ್ತಾಲೀಕ್ ಎಂಬ ಕಂಪ್ಯೂಟರ್ ಅಕ್ಷರ ತಂದ ಮೇಲೆ ಅದು ಬದಲಾಗುತ್ತಾ ಬಂತು. ಕನ್ನಡಕ್ಕೆ ಸಂಬಂಧಪಟ್ಟ ಹೆಸರು ಆರ್.ಕೆ. ಜೋಶಿ. ವಿಂಡೋಸ್ ಕಂಪ್ಯೂಟರಿನಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ನೋಡಿರುತ್ತೀರಿ. ಹಿಂದಿಯ ‘ಮಂಗಲ್’ ಕೂಡ ಅವರ ನೇತೃತ್ವದಲ್ಲೇ ಬಂದದ್ದು. ಅವರು ಮಹಾರಾಷ್ಟ್ರದವರು. ವರ್ಷಗಟ್ಟಲೆ ಉಲ್ಕಾ ಎಂಬ ಜಾಹೀರಾತು ಸಂಸ್ಥೆಯಲ್ಲಿ ಕಲಾ ನಿರ್ದೇಶಕರಾಗಿದ್ದರು, ಆಮೇಲೆ ಮುಂಬೈ ಐಐಟಿಯ ಡಿಸೈನ್ ಕೇಂದ್ರದಲ್ಲಿ ಪಾಠ ಮಾಡಿದರು. ನಾವು ದಿನವೂ ನೋಡುವ ಕನ್ನಡ ಅಕ್ಷರದ ಹಿಂದೆ ಒಬ್ಬ ಜಾಹೀರಾತಿನವರು ಇದ್ದಾರೆ ಎಂದು ತಿಳಿದಾಗ ನನಗೆ ಬಹಳ ಖುಷಿಯಾಯಿತು. ಅವರ ಕೆಲಸದಲ್ಲಿ ಜಾಹೀರಾತು ಮತ್ತು ಡಿಸೈನ್ ಬೇರೆ ಬೇರೆ ದಾರಿಯಾಗಿರಲಿಲ್ಲ.

ನಮ್ಮೂರಿನದೇ ಒಂದು ಸರಕನ್ನು ತೆಗೆದುಕೊಳ್ಳೋಣ: ಮಂಡಕ್ಕಿ. ನಮ್ಮ ಕಾಲೇಜಿನಲ್ಲಿ ಭಟ್ಟಿಯ ಕೆಲಸಕ್ಕೆ ಹೋಗುವವರ ಮಕ್ಕಳು ಎಷ್ಟು ಜನ ಇದ್ದಾರೆ ಎಂದು ನಿಮಗೇ ಗೊತ್ತು. ದಾವಣಗೆರೆ ಬೆಣ್ಣೆ ದೋಸೆ ಎಂಬ ಬೋರ್ಡು ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಇದೆ, ಊರಿನ ಹೆಸರೇ ಅದಕ್ಕೆ ಬ್ರ್ಯಾಂಡ್ ಆಯಿತು. ಮಂಡಕ್ಕಿಗೆ ಹಾಗಾಗಲಿಲ್ಲ. ಅದು ಹೆಸರಿಲ್ಲದ ದೊಡ್ಡ ಚೀಲದಲ್ಲಿ ಲಾರಿ ಹತ್ತಿ ಹೋಗುತ್ತದೆ, ಯಾವ ಊರಿನದು ಎಂದು ತಿನ್ನುವವರಿಗೆ ಗೊತ್ತಾಗುವುದಿಲ್ಲ. ಹೆಸರಿಲ್ಲದ ಸರಕಿಗೆ ಬೆಲೆ ಹೇಳುವವನು ಕೊಳ್ಳುವವನೇ.

ಈಗ ಜಾಹೀರಾತು ಮಾತ್ರ ಓದಿದವರನ್ನು ಕರೆದರೆ ಒಂದು ಒಳ್ಳೆಯ ಸ್ಲೋಗನ್ ಬರೆದುಕೊಡುತ್ತಾರೆ. ಎಲ್ಲಿ ಹಾಕುವುದು? ಚೀಲದ ಮೇಲೆ ಜಾಗವೇ ಇಲ್ಲ. ಡಿಸೈನ್ ಮಾತ್ರ ಓದಿದವರು ಚಂದದ ಪೊಟ್ಟಣ ಮಾಡುತ್ತಾರೆ, ಮಂಡಕ್ಕಿಯ ಬೆಲೆಗೆ ಆ ಪೊಟ್ಟಣದ ಖರ್ಚು ಹೊಂದುತ್ತದೆಯೇ ಎಂದು ಕೇಳಲು ಕಾಮರ್ಸ್‌ನವರೇ ಬೇಕು. ಮೆತ್ತಗಾಗದಂತೆ ಪೊಟ್ಟಣ, ಅದರ ಮೇಲೆ ತೂಕ, ಬೆಲೆ, ತಯಾರಿಸಿದ ತಿಂಗಳು, ವಿಳಾಸ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದಲ್ಲಿ ಅಂಕಿಗಳು ಎಷ್ಟು ಎತ್ತರ ಇರಬೇಕು ಎಂದು ಕೂಡ ಹೇಳಿದೆ. ಅಕ್ಷರದ ಅಳತೆ ಕಾನೂನಿನ ವಿಷಯ ಎಂದು ನಮಗೆ ಯಾರು ಹೇಳಿಕೊಟ್ಟಿದ್ದರು? ಭಟ್ಟಿಯ ಹೊಗೆಯ ಬಗ್ಗೆ ಸುತ್ತಲಿನ ಜನರ ದೂರು ಇದೆ, ಅದು ಪಬ್ಲಿಕ್ ರಿಲೇಶನ್ಸ್ ವಿಷಯ. ಆದರೆ ಹೊಗೆ ಕಡಿಮೆ ಮಾಡುವ ಒಲೆ ಇಲ್ಲದೆ ಹೊಗೆಯ ಬಗ್ಗೆ ಒಳ್ಳೆಯ ಹೇಳಿಕೆ ಬರೆದು ಏನು ಉಪಯೋಗ? ಒಲೆಯನ್ನು ರೂಪಿಸುವುದೂ ಡಿಸೈನೇ. ಚಿತ್ರ ಚೆನ್ನಾಗಿ ಬರೆದರೆ ಡಿಸೈನ್ ಬಂದಂತೆ ಎಂದುಕೊಂಡವರು ಈ ಮಾತನ್ನು ಸ್ವಲ್ಪ ಗಮನಿಸಬೇಕು.

ಮನೆಯಲ್ಲಿ ಇದನ್ನೆಲ್ಲ ಹೇಳಿದರೆ ಮಾಮೂ ಕೇಳುವುದು ಒಂದೇ ಪ್ರಶ್ನೆ. ‘ತಸ್ವೀರಾಂ ನಿಕಾಲ್‌ಕೊ ಕ್ಯಾ ಕರ್ತೀ ಬೇಟಾ?’ ಚಿತ್ರ ಬರೆದುಕೊಂಡು ಏನು ಮಾಡುತ್ತೀ ಎಂದು. ಅವರ ಚಿಂತೆ ಸುಳ್ಳಲ್ಲ. ಖಾಸಗಿ ಡಿಸೈನ್ ಕಾಲೇಜುಗಳ ಶುಲ್ಕ ನಮ್ಮಂಥ ಮನೆಗಳಿಗೆ ನೋಡಲೂ ಭಯ. ಬಿ.ಕಾಂ. ಮಾಡಿ ಲೆಕ್ಕಪತ್ರ ಬರೆದರೆ ಊರಲ್ಲೇ ಕೆಲಸ ಸಿಗುತ್ತದೆ ಎನ್ನುವುದೂ ನಿಜ. ನಾನು ಬಿ.ಕಾಂ. ಬೇಡ ಎನ್ನುತ್ತಿಲ್ಲ. ಅದರ ಜೊತೆಗೆ ಇನ್ನೊಂದನ್ನು ಇಟ್ಟುಕೊಳ್ಳಲು ದಾರಿ ಇದೆಯೇ ಎಂದು ಹುಡುಕುತ್ತಿದ್ದೇನೆ. ದಾರಿ ಇದೆ, ಕೆಳಗೆ ಬರೆಯುತ್ತೇನೆ.

ಇನ್ನೊಂದು ಆಕ್ಷೇಪ ನಮ್ಮ ಕಾಲೇಜಿನಲ್ಲೇ ಕೇಳಿದ್ದು. ಜಾಹೀರಾತು ಎಂದರೆ ಸುಳ್ಳು, ಡಿಸೈನ್ ಎಂದರೆ ಆ ಸುಳ್ಳಿಗೆ ಅಲಂಕಾರ, ನಮಗೇಕೆ ಅದು? ಇದನ್ನು ಹೇಳಿದ ಗೆಳತಿಯ ಬಗ್ಗೆ ನನಗೆ ಗೌರವ ಇದೆ. ಆದರೆ ದೀನಿಯಾತ್ ತರಗತಿಯಲ್ಲಿ ನಾವು ಕೇಳಿದ ಧಾನ್ಯದ ರಾಶಿಯ ಪ್ರಸಂಗ ನೆನಪಿರಬಹುದು. ಪ್ರವಾದಿಯವರು (ಸ) ಮಾರುಕಟ್ಟೆಯಲ್ಲಿ ಒಂದು ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಜನರಿಗೆ ಕಾಣುವಂತೆ ಅದನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿದರು. ಅಲ್ಲಿ ವ್ಯಾಪಾರಿ ಬಾಯಿಂದ ಸುಳ್ಳು ಹೇಳಿರಲಿಲ್ಲ. ರಾಶಿಯನ್ನು ಜೋಡಿಸಿದ ರೀತಿಯೇ ಸುಳ್ಳು ಹೇಳುತ್ತಿತ್ತು. ನನಗೆ ಇದು ಡಿಸೈನ್ ಬಗ್ಗೆ ನಾನು ಕೇಳಿದ ಮೊದಲ ಪಾಠ ಎನ್ನಿಸುತ್ತದೆ. ಸರಕನ್ನು ಹೇಗೆ ಇಡುತ್ತೇವೆ, ಯಾವುದು ಮೇಲೆ, ಯಾವುದು ಕೆಳಗೆ ಎನ್ನುವುದಕ್ಕೂ ಉತ್ತರ ಕೊಡಬೇಕಾಗುತ್ತದೆ. ಇಂದಿನ ಕಾನೂನೂ ಅಲ್ಲಿಗೇ ಬಂದಿದೆ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿ, ಷರತ್ತುಗಳನ್ನು ಜಾಹೀರಾತಿನ ಮಾತು ಇರುವ ಭಾಷೆಯಲ್ಲೇ, ಅದೇ ಫಾಂಟಿನಲ್ಲಿ ಹಾಕಬೇಕು ಎನ್ನುತ್ತದೆ. ದೊಡ್ಡದಾಗಿ ಕನ್ನಡದಲ್ಲಿ ಆಸೆ ತೋರಿಸಿ, ಇರುವೆಯಂಥ ಇಂಗ್ಲಿಷಿನಲ್ಲಿ ಷರತ್ತು ಹಾಕುವಂತಿಲ್ಲ. ಇದನ್ನು ಹಿಡಿದು ಪ್ರಶ್ನಿಸಲು ಅಕ್ಷರದ ಕಣ್ಣು ಇರುವವರು ಬೇಕು. ನಮ್ಮಂಥವರು ದೂರ ನಿಂತರೆ ರಾಶಿ ಜೋಡಿಸುವವರು ಬೇರೆ ಯಾರೋ ಆಗಿರುತ್ತಾರೆ.

ಮೂರನೆಯ ಆಕ್ಷೇಪ ಚಿಕ್ಕದು: ಈಗ ಕ್ಯಾನ್ವಾ ಇದೆ, ಎಐ ಇದೆ, ಡಿಸೈನ್ ಯಾಕೆ ಕಲಿಯಬೇಕು? ಎಐಗೆ ಕನ್ನಡದ ಬೋರ್ಡು ಇರುವ ಅಂಗಡಿಯ ಚಿತ್ರ ಕೇಳಿದಾಗ ಯಾವ ಭಾಷೆಯೂ ಅಲ್ಲದ ಅಕ್ಷರ ಬಂದದ್ದನ್ನು ನಾವೆಲ್ಲ ಗ್ರೂಪಿನಲ್ಲಿ ಹಂಚಿಕೊಂಡು ನಕ್ಕಿದ್ದೇವೆ. ನಾಳೆ ಅದು ಸರಿಯಾಗಬಹುದು. ಸರಿಯೋ ತಪ್ಪೋ ಎಂದು ಹೇಳುವವರು ಆಗಲೂ ಬೇಕು.

ಈಗ ದಾರಿಗಳು. ಕಾಮರ್ಸ್‌ನವರಿಗೆ ಡಿಸೈನ್ ಬಾಗಿಲು ಮುಚ್ಚಿದೆ ಎಂದು ಬಹಳ ಜನ ನಂಬಿದ್ದಾರೆ, ಹಾಗಿಲ್ಲ. ಐಐಟಿಗಳ ಬಿ.ಡಿಸ್. ಪದವಿಗೆ ಇರುವ ಯುಸೀಡ್, ಎನ್‌ಐಡಿಯ ಪ್ರವೇಶ ಪರೀಕ್ಷೆ, ಎನ್‌ಐಎಫ್‌ಟಿಯ ಪರೀಕ್ಷೆ ಮೂರನ್ನೂ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದರಲ್ಲಿ ಓದಿದವರೂ ಬರೆಯಬಹುದು. ಎಚ್ಚರಿಕೆ ಒಂದೇ: ಯುಸೀಡ್ ನಡೆಯುವುದು ಜನವರಿಯಲ್ಲಿ, ಅರ್ಜಿ ಅದಕ್ಕೂ ತಿಂಗಳುಗಳ ಮೊದಲು. ನಮ್ಮ ಬೋರ್ಡ್ ಪರೀಕ್ಷೆ ಮುಗಿಸಿ ವಿಚಾರಿಸಲು ಹೋದರೆ ಆ ವರ್ಷ ಹೋಯಿತು. ಕಡಿಮೆ ಖರ್ಚಿನಲ್ಲಿ ಓದಬೇಕು ಎನ್ನುವವರಿಗೆ ಮೈಸೂರಿನಲ್ಲಿ ಕಾವಾ ಇದೆ, ಸರ್ಕಾರದ್ದೇ ದೃಶ್ಯಕಲಾ ಕಾಲೇಜು. ಅಷ್ಟು ದೂರ ಯಾಕೆ, ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ನಮ್ಮ ಊರಲ್ಲೇ ಇದೆ. ಅದರ ಮುಂದೆ ಬಸ್ಸಿನಲ್ಲಿ ಓಡಾಡುವ ನಮ್ಮಲ್ಲಿ ಎಷ್ಟು ಜನ ಒಳಗೆ ಹೋಗಿ ನೋಡಿದ್ದೇವೆ? ಇಂಥ ಕಾಲೇಜುಗಳಲ್ಲಿ ಅಪ್ಲೈಡ್ ಆರ್ಟ್ ಎನ್ನುವ ವಿಷಯದಲ್ಲಿ ಅಕ್ಷರ, ಪೋಸ್ಟರ್, ಪ್ಯಾಕೇಜಿಂಗ್, ಜಾಹೀರಾತು ಎಲ್ಲ ಬರುತ್ತದೆ.

ಬಿ.ಕಾಂ. ಬಿಡಲು ಮನೆಯವರು ಒಪ್ಪದಿದ್ದರೆ ಇನ್ನೊಂದು ಉಪಾಯ. 2022ರಲ್ಲಿ ಯುಜಿಸಿ ಏಕಕಾಲಕ್ಕೆ ಎರಡು ಕೋರ್ಸ್ ಓದಲು ಅನುಮತಿ ಕೊಟ್ಟಿದೆ. ತರಗತಿಯ ಸಮಯ ಒಂದಕ್ಕೊಂದು ಅಡ್ಡ ಬರದಿದ್ದರೆ ಎರಡನ್ನೂ ಕಾಲೇಜಿಗೆ ಹೋಗಿ ಓದಬಹುದು, ಇಲ್ಲದಿದ್ದರೆ ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ಮಾನ್ಯತೆ ಪಡೆದ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಓದಬಹುದು. ಆಸ್ಟ್ರೇಲಿಯಾದಂಥ ಕಡೆ ವಿಶ್ವವಿದ್ಯಾಲಯಗಳೇ ಎರಡು ಪದವಿಯನ್ನು ಜೋಡಿಸಿ ಕೊಡುತ್ತವೆ. ನಮ್ಮಲ್ಲಿ ಜೋಡಿಸುವ ಕೆಲಸ ವಿದ್ಯಾರ್ಥಿಯ ತಲೆಯ ಮೇಲೆ ಬಿದ್ದಿದೆ. ಬೆಳಿಗ್ಗೆ ಬಿ.ಕಾಂ., ಸಂಜೆ ಇನ್ನೊಂದು ಎಂದರೆ ಬಸ್ಸು, ಊಟ, ನಮಾಜಿನ ಸಮಯ, ಹುಡುಗಿಯರಾದರೆ ಕತ್ತಲಾಗುವ ಮುನ್ನ ಮನೆ, ಎಲ್ಲವನ್ನೂ ಲೆಕ್ಕ ಹಾಕಬೇಕು. ಒಂದೇ ವಿಶ್ವವಿದ್ಯಾಲಯದಲ್ಲಿ ಕಾಮರ್ಸ್ ವಿಭಾಗ, ಪತ್ರಿಕೋದ್ಯಮ ವಿಭಾಗ, ದೃಶ್ಯಕಲಾ ಕಾಲೇಜು ಮೂರೂ ಇರುವಾಗ, ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂತು ಒಂದು ಪೇಪರ್ ಓದಲು ಬಿಟ್ಟರೆ ಇಷ್ಟು ಸರ್ಕಸ್ ಬೇಕಾಗುವುದಿಲ್ಲ. ವಿಶ್ವವಿದ್ಯಾಲಯದವರು ನಮ್ಮ ಈ ಪತ್ರಿಕೆ ಓದುವುದಿಲ್ಲ ಎಂದು ಗೊತ್ತು, ಆದರೂ ಬರೆದಿಟ್ಟಿದ್ದೇನೆ.

ನಮ್ಮ ಕಾಲೇಜಿನ ಆಡಳಿತ ಮಂಡಳಿಯವರು ಮತ್ತು ಪ್ರಿನ್ಸಿಪಾಲ್ ಸರ್ ಇದನ್ನು ಓದುತ್ತಾರೆ, ಆದ್ದರಿಂದ ಅವರಲ್ಲಿ ಒಂದು ಮನವಿ. ಪ್ರತಿ ಏಪ್ರಿಲ್‌ನಲ್ಲಿ ಪ್ರವೇಶದ ಬ್ಯಾನರ್ ಮತ್ತು ಕರಪತ್ರ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಆಗುತ್ತವೆ. ಈ ಸಲ ಅದನ್ನು ಕಾಮರ್ಸ್ ವಿಭಾಗದ ಹುಡುಗ ಹುಡುಗಿಯರಿಗೆ ಒಪ್ಪಿಸಿ. ಏನು ಹೇಳಬೇಕು, ಯಾರಿಗೆ ಹೇಳಬೇಕು, ಯಾವ ಲಿಪಿ ಎಲ್ಲಿ ಕೂರಬೇಕು ಎಂದು ನಾವೇ ಕೂತು ಕರಡು ಮಾಡುತ್ತೇವೆ. ಕನ್ನಡ ಮತ್ತು ಉರ್ದು ಉಪನ್ಯಾಸಕರು ತಿದ್ದಿಕೊಡಲಿ. ಹತ್ತು ಮನೆಗಳಿಗೆ ಹೋಗಿ ಅಮ್ಮಿ, ದಾದಿಯರಿಗೆ ಓದಿಸಿ, ಎಲ್ಲಿ ತಡೆಯುತ್ತಾರೆ ಎಂದು ಗುರುತು ಹಾಕಿಕೊಂಡು ಬರುತ್ತೇವೆ. ಫ್ಲೆಕ್ಸ್ ಅಂಗಡಿಗೆ ಹೋಗುವ ಮೊದಲು ನಮಗೆ ಎರಡು ವಾರ ಸಿಕ್ಕರೆ ಸಾಕು.